ದ್ವೀಪಕ್ಕೆ ಕಾರಿನಲ್ಲಿ ಹೊರಟಿದ್ದೀರಾ? ಮೊದಲು ನೀರಿನ ಸಮಯ ತಿಳಿದುಕೊಳ್ಳಿ

ಬೆಂಗಳೂರು: ಮೂರು ದಿನ ಸಾಲು ರಜೆ ಬಂದರೆ ಸಾಕು, ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಭಾಗದ ಕಾರುಗಳು ನಸುಕಿನಲ್ಲಿಯೇ ತುಮಕೂರು ರಸ್ತೆಯತ್ತ ಮುಖ ಮಾಡುತ್ತವೆ. ಮಲೆನಾಡು, ಕರಾವಳಿ ಎರಡೂ ಪಶ್ಚಿಮ ಬೆಂಗಳೂರಿಗರಿಗೆ ಒಂದೇ ಹಗಲಿನ ದಾರಿ. ಈಚಿನ ವರ್ಷಗಳಲ್ಲಿ ಈ ಪಯಣದ ಕೊನೆಯ ನಿಲ್ದಾಣವಾಗಿ ದ್ವೀಪಗಳು ಹೆಚ್ಚು ಹೆಚ್ಚು ಕೇಳಿಬರುತ್ತಿವೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್, ಮುರುಡೇಶ್ವರದ ಆಚೆಯ ನೇತ್ರಾಣಿ, ಕಾರವಾರದ ಕೂರ್ಮಗಡ, ಶರಾವತಿ ಹಿನ್ನೀರಿನ ನಡುವಿನ ತುಮರಿ ಮತ್ತು ಸಿಗಂದೂರು ಇವುಗಳಲ್ಲಿ ಮುಖ್ಯವಾದವು.

ಆದರೆ ಗಿರಿಧಾಮಕ್ಕೆ ಅಥವಾ ದೇವಸ್ಥಾನಕ್ಕೆ ಹೋಗುವಂತೆ ದ್ವೀಪಕ್ಕೆ ಹೊರಡಲಾಗದು. ನಾನೂರು ಕಿಲೋಮೀಟರ್ ವಾಹನ ಓಡಿಸಿ ದಡ ತಲುಪಿದ ಮೇಲೆ ಉಳಿದ ಆರು ಕಿಲೋಮೀಟರ್ ನಮ್ಮ ಕೈಯಲ್ಲಿರುವುದಿಲ್ಲ. ಅಲೆ, ಮಳೆ, ದೋಣಿಯ ಪರವಾನಗಿ, ಜಲಾಶಯದ ಮಟ್ಟ ಇವೇ ಅಲ್ಲಿ ತೀರ್ಮಾನ ಕೊಡುತ್ತವೆ. ಇದನ್ನು ತಿಳಿಯದೆ ಹೊರಟವರು ದಡದಲ್ಲಿ ನಿಂತು ದ್ವೀಪವನ್ನು ನೋಡಿ ಹಿಂದಿರುಗಿದ್ದುಂಟು. ನೀರಿನ ಮಾತನ್ನು ಮೀರಲು ಹೋಗಿ ಪ್ರಾಣ ಕಳೆದುಕೊಂಡವರೂ ಇದ್ದಾರೆ. ಆದ್ದರಿಂದ ದ್ವೀಪ ಪ್ರವಾಸದ ಸಿದ್ಧತೆ ಹೇಗಿರಬೇಕು, ಯಾವ ದ್ವೀಪಕ್ಕೆ ಯಾವ ಕಾಲ ಸರಿ, ಎಲ್ಲಿ ಎಚ್ಚರ ಬೇಕು ಎಂಬುದರ ವಿವರ ಇಲ್ಲಿದೆ.

ಲೆಕ್ಕ ಹಿಂದಿನಿಂದ ಆರಂಭವಾಗಲಿ

ಸಾಮಾನ್ಯವಾಗಿ ಪ್ರವಾಸದ ಯೋಜನೆಯನ್ನು ಮನೆ ಬಾಗಿಲಿನಿಂದ ಆರಂಭಿಸುತ್ತೇವೆ. ಎಷ್ಟು ಗಂಟೆಗೆ ಹೊರಡುವುದು, ತಿಂಡಿ ಎಲ್ಲಿ, ಊಟ ಎಲ್ಲಿ ಎಂಬ ಕ್ರಮದಲ್ಲಿ ಲೆಕ್ಕ ಸಾಗುತ್ತದೆ. ದ್ವೀಪದ ವಿಷಯದಲ್ಲಿ ಇದನ್ನು ತಿರುಗಿಸಬೇಕು. ದ್ವೀಪದಿಂದ ದಡಕ್ಕೆ ಮರಳುವ ಕೊನೆಯ ದೋಣಿ ಎಷ್ಟು ಗಂಟೆಗೆ ಎಂಬುದು ಮೊದಲ ಪ್ರಶ್ನೆ. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ದ್ವೀಪದಲ್ಲಿ ಕಳೆಯುವ ಸಮಯ, ಹೋಗುವ ದೋಣಿ, ಟಿಕೆಟ್ ಸಾಲು, ವಾಹನ ನಿಲುಗಡೆ, ಹಿಂದಿನ ರಾತ್ರಿಯ ವಸತಿ, ಕೊನೆಯದಾಗಿ ಬೆಂಗಳೂರು ಬಿಡುವ ಗಳಿಗೆ ಹೀಗೆ ಬರಬೇಕು.

ಉದಾಹರಣೆಗೆ ಶುಕ್ರವಾರ ರಾತ್ರಿ ಹತ್ತಕ್ಕೆ ವಿಜಯನಗರದಿಂದ ಹೊರಟವರು ನಡುರಾತ್ರಿ ಕಳೆದು ಶಿರಾಡಿ ಘಾಟಿಯ ತಿರುವುಗಳಲ್ಲಿ ಇರುತ್ತಾರೆ. ನಿದ್ದೆಗೆಟ್ಟ ಕಣ್ಣಿನಲ್ಲಿ ಬೆಳಿಗ್ಗೆ ಮಲ್ಪೆ ತಲುಪಿ, ಅದೇ ದಿನ ದೋಣಿ ಹತ್ತಿ, ಬಿಸಿಲಿನಲ್ಲಿ ಸುತ್ತಿ, ಭಾನುವಾರ ಮರಳುವುದು ಎರಡು ದಿನದ ಲೆಕ್ಕಕ್ಕೆ ಸರಿಹೊಂದಬಹುದು. ದೇಹಕ್ಕೆ ಹೊಂದುವುದಿಲ್ಲ. ಇದಕ್ಕಿಂತ ಶನಿವಾರ ನಸುಕಿನ ನಾಲ್ಕಕ್ಕೆ ಹೊರಟು, ಹಗಲಿನಲ್ಲಿಯೇ ಘಾಟಿ ಇಳಿದು, ಉಡುಪಿಯಲ್ಲಿ ತಂಗಿ, ಭಾನುವಾರ ಬೆಳಗಿನ ಮೊದಲ ದೋಣಿಗಳಲ್ಲಿ ದ್ವೀಪಕ್ಕೆ ಹೋಗಿ, ಸೋಮವಾರ ಮರಳುವುದು ಉತ್ತಮ. ಬೆಳಗಿನಲ್ಲಿ ಸಾಮಾನ್ಯವಾಗಿ ಗಾಳಿ ಕಡಿಮೆ, ಸಾಲೂ ಚಿಕ್ಕದು.

ಇನ್ನೊಂದು ನಿಯಮವಿದೆ. ದ್ವೀಪವಿರುವ ಪ್ರವಾಸದಲ್ಲಿ ಒಂದು ದಿನವನ್ನು ಖಾಲಿ ಬಿಟ್ಟಿರಬೇಕು. ಭಾನುವಾರ ಸಮುದ್ರ ಕೆರಳಿ ದೋಣಿ ನಿಂತರೆ ಸೋಮವಾರ ಇದೆ ಎಂಬ ಅವಕಾಶವಿರಬೇಕು. ಅಂತಹ ಅವಕಾಶವಿಲ್ಲದ ಪ್ರವಾಸಿಗನೇ ದೋಣಿಯವನೊಡನೆ ವಾದಕ್ಕೆ ಇಳಿಯುತ್ತಾನೆ, ಹೆಚ್ಚು ಹಣದ ಆಸೆ ತೋರಿಸುತ್ತಾನೆ. ಅಪಾಯ ಆರಂಭವಾಗುವುದು ಅಲ್ಲಿಂದ.

ನಗರದಿಂದ ಹೊರಬೀಳುವ ದಾರಿ

ಪಶ್ಚಿಮ ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. ಕರಾವಳಿ ಹಾಗೂ ಮಲೆನಾಡಿನ ಹೆದ್ದಾರಿಗಳೆರಡೂ ಅವರ ಮಗ್ಗುಲಿನಿಂದಲೇ ಹೊರಡುತ್ತವೆ. ರಾಜಾಜಿನಗರದವರು ಯಶವಂತಪುರ, ಗೊರಗುಂಟೆಪಾಳ್ಯದ ಮೂಲಕ ತುಮಕೂರು ರಸ್ತೆ ಸೇರುತ್ತಾರೆ. ಕೆಂಗೇರಿಯವರು ನೈಸ್ ರಸ್ತೆ ಹಿಡಿದರೆ ನಗರದ ಒಳಗೆ ಬಾರದೆ ತುಮಕೂರು ರಸ್ತೆ ತಲುಪಬಹುದು. ಬಸವೇಶ್ವರನಗರ, ವಿಜಯನಗರದವರಿಗೆ ಮಾಗಡಿ ರಸ್ತೆಯ ಆಯ್ಕೆಯೂ ಇದೆ. ಸುಮನಹಳ್ಳಿ, ತಾವರೆಕೆರೆ, ಮಾಗಡಿ ಮಾರ್ಗವಾಗಿ ಕುಣಿಗಲ್ ತಲುಪಿ ಅಲ್ಲಿ ಮಂಗಳೂರು ಹೆದ್ದಾರಿ ಸೇರಬಹುದು. ಭಾನುವಾರ ಸಂಜೆ ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗೆ ವಾಹನಗಳು ತೆವಳುವಾಗ ಮರಳುವವರಿಗೆ ಈ ದಾರಿ ನೆನಪಿನಲ್ಲಿರಲಿ.

ನೆಲಮಂಗಲದಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ಮಂಗಳೂರು ಮತ್ತು ಉಡುಪಿ. ನೇರಕ್ಕೆ ತುಮಕೂರು; ಅಲ್ಲಿಂದ ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ಹೊನ್ನಾವರ. ತುಮಕೂರಿನಲ್ಲಿಯೂ ಶಿವಮೊಗ್ಗದಲ್ಲಿಯೂ ಊರ ಮುಖ್ಯ ಬೀದಿಗೆ ಇಂದಿಗೂ ಬಿ.ಎಚ್. ರಸ್ತೆ ಎಂಬ ಹೆಸರಿದೆ. ಬೆಂಗಳೂರು-ಹೊನ್ನಾವರ ರಸ್ತೆ ಎಂಬುದರ ಸಂಕ್ಷೇಪವದು. ಹೆದ್ದಾರಿಯ ಸಂಖ್ಯೆ ಎಷ್ಟು ಬಾರಿ ಬದಲಾದರೂ ಜನರ ಬಾಯಲ್ಲಿ ಹೆಸರು ಉಳಿದಿದೆ.

ದೂರದ ಅಂದಾಜು ಹೀಗಿದೆ: ಮಲ್ಪೆಗೆ ನಾನೂರು ಕಿಲೋಮೀಟರಿಗೂ ತುಸು ಹೆಚ್ಚು, ಸಾಗರಕ್ಕೆ ಸುಮಾರು 370, ಮುರುಡೇಶ್ವರ ಮತ್ತು ಕಾರವಾರಕ್ಕೆ ಸುಮಾರು 500. ಘಾಟಿಯಿರುವ ದಾರಿಯಲ್ಲಿ ಗಂಟೆಗೆ ಐವತ್ತು ಕಿಲೋಮೀಟರಿಗಿಂತ ಹೆಚ್ಚಿನ ಸರಾಸರಿ ಎಣಿಸಬಾರದು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಮತ್ತೆ ಮತ್ತೆ ಓಡಾಡುವ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಲಾಭದಾಯಕ. 2025ರ ಆಗಸ್ಟ್ 15ರಂದು ಜಾರಿಗೆ ಬಂದಾಗ ಇದರ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಬಾರಿ, ಯಾವುದು ಮೊದಲೋ ಅಲ್ಲಿಯವರೆಗೆ ಚಾಲ್ತಿ. ನೈಸ್ ರಸ್ತೆಗೆ ಇದು ಅನ್ವಯಿಸದು.

ಮಲ್ಪೆಯ ಎದುರಿನ ಕಲ್ಲುಕಂಬಗಳು

ಮೊದಲ ಬಾರಿ ದ್ವೀಪ ನೋಡುವವರಿಗೆ ಸೇಂಟ್ ಮೇರೀಸ್ ಸೂಕ್ತ. ಉಡುಪಿಯಿಂದ ಮಲ್ಪೆ ಆರು ಕಿಲೋಮೀಟರ್. ಮಲ್ಪೆಯಿಂದ ಸಮುದ್ರದಲ್ಲಿ ಅಷ್ಟೇ ದೂರ ಸಾಗಿದರೆ ನಾಲ್ಕು ಚಿಕ್ಕ ದ್ವೀಪಗಳ ಸಮೂಹ ಎದುರಾಗುತ್ತದೆ. ಇಲ್ಲಿನ ಆಕರ್ಷಣೆ ಮರಳಿಗಿಂತ ಹೆಚ್ಚಾಗಿ ಕಲ್ಲು. ಸುಮಾರು ಎಂಟು ಕೋಟಿ ಎಂಬತ್ತು ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ರಸ ತಣಿದು ಕುಗ್ಗುತ್ತ ಬಿರಿದು, ಜೇನುಗೂಡಿನ ಕೋಣೆಗಳಂತಹ ಬಹುಭುಜಾಕೃತಿಯ ಕಂಬಗಳಾಗಿ ನಿಂತಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಇದನ್ನು ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟನೆಂಬ ಪ್ರತೀತಿಯಿಂದ ದ್ವೀಪಕ್ಕೆ ಈ ಹೆಸರು ಬಂದಿದೆ.

ಕುತೂಹಲದ ಸಂಗತಿಯೆಂದರೆ ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿರುವ ಸ್ಟಾಫಾ ಎಂಬ ನಿರ್ಜನ ದ್ವೀಪವೂ ಇಂತಹದೇ ಕಲ್ಲುಕಂಬಗಳಿಂದ ಪ್ರಸಿದ್ಧ. ಅದನ್ನು ನೋಡಲು ಜಗತ್ತಿನ ಮೂಲೆಮೂಲೆಯಿಂದ ಜನ ಹೋಗುತ್ತಾರೆ. ನಮ್ಮಲ್ಲಿ ಅಂತಹ ದೃಶ್ಯ ಬೆಂಗಳೂರಿನಿಂದ ಒಂದು ಹಗಲಿನ ದೂರದಲ್ಲಿದೆ.

ದ್ವೀಪದಲ್ಲಿ ಜನವಸತಿ ಇಲ್ಲ, ರಾತ್ರಿ ತಂಗಲು ಅವಕಾಶವಿಲ್ಲ. ಸಾಕಷ್ಟು ಪ್ರಯಾಣಿಕರು ಸೇರಿದ ಮೇಲೆಯೇ ದೋಣಿ ಹೊರಡುವುದರಿಂದ ವಾರದ ನಡುವಿನ ದಿನಗಳಲ್ಲಿ ಕಾಯಬೇಕಾಗಬಹುದು. ಕುಡಿಯುವ ನೀರು, ಟೋಪಿ, ಜಾರದ ಅಡಿಯ ಚಪ್ಪಲಿ ಜೊತೆಗಿರಲಿ. ತಂದ ಕಸವನ್ನು ಮರಳಿ ತರುವ ಚೀಲವೂ ಇರಲಿ.

ಎಚ್ಚರಿಕೆ ಬೇಕಾದುದು ಬಂಡೆಗಳ ಮೇಲೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸಕ್ಕೆ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಇಲ್ಲಿ ಸಮುದ್ರದ ಪಾಲಾದರು. ಕಂಬಗಳ ತುದಿ ಒಣಗಿರುವಂತೆ ಕಂಡರೂ ಬುಡದಲ್ಲಿ ಪಾಚಿ ಇರುತ್ತದೆ. ಅಲೆಗಳೂ ಒಂದೇ ಅಳತೆಯಲ್ಲಿ ಬರುವುದಿಲ್ಲ. ಹತ್ತು ಸಣ್ಣ ಅಲೆಗಳ ನಂತರ ಬರುವ ಒಂದು ದೊಡ್ಡ ಅಲೆ ಕಾಲು ಕಿತ್ತುಬಿಡುತ್ತದೆ. ಒದ್ದೆಯಾದ ಬಂಡೆ ಎಲ್ಲಿಂದ ಆರಂಭವಾಗುತ್ತದೆಯೋ ಅದನ್ನೇ ಗಡಿರೇಖೆ ಎಂದು ಭಾವಿಸುವುದು ಕ್ಷೇಮ. ಛಾಯಾಚಿತ್ರಕ್ಕಾಗಿ ಆ ಗೆರೆ ದಾಟುವುದು ಬೇಡ.

ನೇತ್ರಾಣಿ: ಇಳಿಯುವ ದ್ವೀಪವಲ್ಲ, ಮುಳುಗುವ ದ್ವೀಪ

ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ ಸಮುದ್ರದ ನಡುವೆ ನೇತ್ರಾಣಿ ಇದೆ. ಪಾರಿವಾಳಗಳ ದ್ವೀಪ ಎಂಬ ಹೆಸರೂ ಇದಕ್ಕಿದೆ. ಒಂದು ಕಾಲದಲ್ಲಿ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ಈ ದ್ವೀಪ ಇಂದು ಸ್ಕೂಬಾ ಡೈವಿಂಗ್‌ಗೆ ಹೆಸರಾಗಿದೆ. ಸುತ್ತಲಿನ ತಿಳಿನೀರಿನಲ್ಲಿ ಹವಳ, ಬಣ್ಣದ ಮೀನುಗಳ ಲೋಕವಿದೆ. ಪುನೀತ್ ರಾಜ್‌ಕುಮಾರ್ ಅವರ ನಿಧನಾನಂತರ 2022ರಲ್ಲಿ ತೆರೆಕಂಡ 'ಗಂಧದ ಗುಡಿ' ಸಾಕ್ಷ್ಯಚಿತ್ರದಲ್ಲಿ ನೇತ್ರಾಣಿಯ ಕಡಲಾಳವನ್ನು ಕಂಡ ಮೇಲೆ ಇಲ್ಲಿಗೆ ಹೋಗಬೇಕೆನ್ನುವವರ ಸಂಖ್ಯೆ ಹೆಚ್ಚಿದೆ.

ಇಲ್ಲಿಗೆ ಹೋಗುವವರು ದ್ವೀಪದ ಮೇಲೆ ಓಡಾಡಲು ಹೋಗುವುದಿಲ್ಲ. ದೋಣಿ ಬಂಡೆಗಳ ಸಮೀಪ ಲಂಗರು ಹಾಕುತ್ತದೆ, ಅಲ್ಲಿಂದಲೇ ನೀರಿಗೆ ಇಳಿಯಬೇಕು. ಅಕ್ಟೋಬರ್‌ನಿಂದ ಮೇ ವರೆಗಿನ ಅವಧಿ ಸೂಕ್ತ. ಅದರಲ್ಲಿಯೂ ಡಿಸೆಂಬರ್, ಜನವರಿಯ ನೀರು ಹೆಚ್ಚು ತಿಳಿ. ಈಜು ಬಾರದವರನ್ನೂ ತರಬೇತುದಾರರು ಕರೆದೊಯ್ಯುತ್ತಾರೆ. ಆದರೆ ಆಸ್ತಮಾ, ಹೃದ್ರೋಗ, ಕಿವಿಯ ತೊಂದರೆ ಇರುವವರು ಮತ್ತು ಗರ್ಭಿಣಿಯರು ಇಳಿಯಬಾರದು. ನೆಗಡಿಯಿಂದ ಮೂಗು ಕಟ್ಟಿದ್ದರೂ ಆ ದಿನ ಬಿಡುವುದೇ ಸರಿ. ಕಿವಿಯೊಳಗಿನ ಒತ್ತಡ ಸಮನಾಗದೆ ಹಾನಿಯಾಗುವ ಸಂಭವವಿರುತ್ತದೆ.

ಯೋಜನೆಯಲ್ಲಿ ಬಹಳ ಜನ ಮರೆಯುವ ಸಂಗತಿಯೊಂದಿದೆ. ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ದೇಹದಲ್ಲಿ ಕರಗಿರುತ್ತದೆ. ಅದು ಹೊರಹೋಗುವ ಮುನ್ನ ಎತ್ತರಕ್ಕೆ ಏರಿದರೆ ಗುಳ್ಳೆಗಳಾಗಿ ತೊಂದರೆ ಕೊಡಬಲ್ಲದು. ಈ ಕಾರಣದಿಂದಲೇ ಡೈವಿಂಗ್ ನಂತರ ಹನ್ನೆರಡರಿಂದ ಹದಿನೆಂಟು ಗಂಟೆ ವಿಮಾನ ಹತ್ತಬಾರದೆಂಬ ನಿಯಮವಿದೆ. ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತುವವರೂ ಅದೇ ಸಂಜೆ ಹೊರಡದೆ ಮುರುಡೇಶ್ವರದಲ್ಲಿಯೇ ತಂಗಿ ಮರುದಿನ ಹೊರಡುವುದು ಜಾಣತನ. ಮಧ್ಯಾಹ್ನದವರೆಗೆ ನೀರಿನಲ್ಲಿದ್ದು ರಾತ್ರಿಯಿಡೀ ವಾಹನ ಓಡಿಸುವ ಆಯಾಸವೂ ಇದರಿಂದ ತಪ್ಪುತ್ತದೆ.

ಕಾರವಾರದ ಕೂರ್ಮಗಡ: ಮರೆಯಬಾರದ ದಿನ

ಕಾಳಿ ನದಿ ಅರಬ್ಬಿ ಸಮುದ್ರ ಸೇರುವಲ್ಲಿ ಕಾರವಾರದ ಎದುರು ಹಲವು ದ್ವೀಪಗಳಿವೆ. ಆಮೆಯ ಬೆನ್ನಿನಂತೆ ಕಾಣುವ ಕೂರ್ಮಗಡದಲ್ಲಿ ನರಸಿಂಹ ದೇವರ ಗುಡಿ ಇದೆ. ಜನವರಿಯ ಜಾತ್ರೆಗೆ ಸಾವಿರಾರು ಜನ ದೋಣಿಗಳಲ್ಲಿ ಹೋಗುತ್ತಾರೆ. ಅದಕ್ಕೂ ದಕ್ಷಿಣಕ್ಕಿರುವ ಅಂಜುದೀವ್ ನೌಕಾನೆಲೆಯ ವ್ಯಾಪ್ತಿಯಲ್ಲಿರುವುದರಿಂದ ಪ್ರವಾಸಿಗರಿಗೆ ಪ್ರವೇಶವಿಲ್ಲ.

2019ರ ಜನವರಿ 21ರಂದು ಇದೇ ಕೂರ್ಮಗಡ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಮೃತಪಟ್ಟರು. ಅವರಲ್ಲಿ ಮಕ್ಕಳೂ ಇದ್ದರು. ದಡ ಕಣ್ಣಳತೆಯಲ್ಲಿಯೇ ಇತ್ತು. ದೋಣಿಯಲ್ಲಿ ಸಾಮರ್ಥ್ಯಕ್ಕಿಂತ ಹೆಚ್ಚು ಜನರಿದ್ದುದು ಮತ್ತು ಜೀವರಕ್ಷಕ ಜಾಕೆಟ್ ಇಲ್ಲದುದು ಅಂದಿನ ವರದಿಗಳಲ್ಲಿ ಎದ್ದು ಕಂಡ ಅಂಶಗಳು.

ಈ ಘಟನೆ ಪ್ರವಾಸಿಗನಿಗೆ ಮೂರು ಪಾಠ ಹೇಳುತ್ತದೆ. ಹತ್ತುವ ಮುನ್ನ ದೋಣಿಯ ಮೇಲೆ ಬರೆದಿರುವ ಪ್ರಯಾಣಿಕರ ಮಿತಿಯನ್ನು ನೋಡಿ ಜನರನ್ನು ಎಣಿಸಬೇಕು. ಜಾಕೆಟ್ ಕೊಟ್ಟರೆ ಸೀಟಿನ ಕೆಳಗೆ ಇಡದೆ ಪಟ್ಟಿ ಬಿಗಿದು ಧರಿಸಬೇಕು. ಮಕ್ಕಳಿಗೆ ಮಕ್ಕಳ ಅಳತೆಯದೇ ಇರಬೇಕು. ದೋಣಿ ಒಂದು ಕಡೆ ವಾಲಿದಾಗ ಅಥವಾ ಡಾಲ್ಫಿನ್ ಕಂಡಿತೆಂದು ಎಲ್ಲರೂ ಒಂದೇ ಮಗ್ಗುಲಿಗೆ ಧಾವಿಸಬಾರದು. ದೋಣಿ ತುಂಬಿದೆ ಎನಿಸಿದರೆ ಇಳಿದು ಮುಂದಿನದಕ್ಕೆ ಕಾಯುವುದರಲ್ಲಿ ಸಂಕೋಚವಿಲ್ಲ.

ಶರಾವತಿ ಹಿನ್ನೀರು: ಲಾಂಚ್ ಹೋಗಿ ಸೇತುವೆ ಬಂತು

ಸಮುದ್ರ ಬೇಡ, ಮಲೆನಾಡು ಸಾಕು ಎನ್ನುವವರಿಗೆ ಸಾಗರ ತಾಲ್ಲೂಕಿನ ಹಿನ್ನೀರು ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿದಾಗ ಶರಾವತಿ ಕಣಿವೆಯ ಊರುಗಳು, ಗದ್ದೆ, ತೋಟಗಳು ಮುಳುಗಿದವು. 1948ರಲ್ಲಿ ಪೂರ್ಣಗೊಂಡಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಅದರೊಡನೆ ಮುಳುಗಿತು. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷ ಅದು ತಲೆ ಎತ್ತುತ್ತದೆ. ಕರೂರು, ಬಾರಂಗಿ ಹೋಬಳಿಗಳ ತುಮರಿ ಸುತ್ತಲಿನ ಹಳ್ಳಿಗಳು ಒಂದು ಕಡೆ ಕಾಡು, ಉಳಿದ ಕಡೆ ನೀರಿನ ನಡುವೆ ಉಳಿದವು. ನಕ್ಷೆಯಲ್ಲಿ ಇದು ಪೂರ್ಣ ದ್ವೀಪವಲ್ಲ, ಆದರೆ ಅಲ್ಲಿನ ಬದುಕು ಆರು ದಶಕ ದ್ವೀಪದ್ದೇ ಆಗಿತ್ತು.

ಈ ಕಥೆ ಬೆಂಗಳೂರಿಗರಿಗೆ ದೂರದ್ದಲ್ಲ. ಕಣಿವೆ ಮುಳುಗಿದ್ದು ವಿದ್ಯುತ್ತಿಗಾಗಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ರಾಜಾಜಿನಗರಕ್ಕೆ ಅನತಿ ದೂರದ ಪೀಣ್ಯದ ವಿದ್ಯುತ್ ಸ್ವೀಕರಣಾ ಕೇಂದ್ರ ಇಂದಿಗೂ ಶರಾವತಿಯ ಹೆಸರನ್ನೇ ಹೊತ್ತಿದೆ. ಕೈಗಾರಿಕಾ ಬಡಾವಣೆಗಳ ಯಂತ್ರಗಳು ಈ ಬೆಳಕಿನಿಂದ ಓಡಿದವು. ಊರು ಬಿಟ್ಟವರ ಭೂಹಕ್ಕಿನ ಪ್ರಶ್ನೆ ಮಾತ್ರ ಇನ್ನೂ ಮುಗಿದಿಲ್ಲ.

ಅಂಬಾರಗೋಡ್ಲು ಮತ್ತು ಕಳಸವಳ್ಳಿ ದಡಗಳ ನಡುವೆ ಓಡುತ್ತಿದ್ದ ಲಾಂಚ್ ಈ ಭಾಗದ ಜೀವನಾಡಿಯಾಗಿತ್ತು. ಶಾಲೆ, ಸಂತೆ, ಆಸ್ಪತ್ರೆ, ಮದುವೆಯ ದಿಬ್ಬಣ, ಅಡಿಕೆ ಮೂಟೆ ಎಲ್ಲವೂ ಅದರಲ್ಲಿಯೇ ಸಾಗಬೇಕಿತ್ತು. ಸಂಜೆ ಲಾಂಚ್ ನಿಂತ ಮೇಲೆ ಮನೆಯಲ್ಲಿ ರೋಗಿ ಇದ್ದರೆ ಕಾಡಿನ ದಾರಿಯಲ್ಲಿ ನಿಟ್ಟೂರು, ಹೊಸನಗರ ಸುತ್ತಿ ಹೋಗಬೇಕಾಗುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ವಾಹನ ಸಾಗಣೆ ನಿಲ್ಲುತ್ತಿತ್ತು. ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ರಜಾದಿನಗಳಲ್ಲಿ ನೂರಾರು ಕಾರುಗಳು ದಡದಲ್ಲಿ ಸಾಲುಗಟ್ಟಿದಾಗ ಆಚೆ ಊರಿನವರು ತಮ್ಮದೇ ಲಾಂಚ್‌ಗಾಗಿ ಪ್ರವಾಸಿಗರ ಹಿಂದೆ ನಿಲ್ಲಬೇಕಾದ ಸ್ಥಿತಿ ಇತ್ತು.

2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಇಲ್ಲಿನ ಸೇತುವೆಯನ್ನು ಉದ್ಘಾಟಿಸಿದರು. ಹಿನ್ನೀರಿನ ಮೇಲೆ 2.44 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಈ ಸೇತುವೆಯ ನಡುಭಾಗ ಉಕ್ಕಿನ ಕೇಬಲ್‌ಗಳ ಆಧಾರದಲ್ಲಿ ನಿಂತಿದೆ. ಅರ್ಧ ದಿನ ನುಂಗುತ್ತಿದ್ದ ದಾಟು ಕೆಲವೇ ನಿಮಿಷಗಳದಾಗಿದೆ.

ಇದರಿಂದ ಪ್ರವಾಸದ ನಕ್ಷೆಯೂ ಬದಲಾಗಿದೆ. ಮೊದಲ ದಿನ ಬೆಂಗಳೂರಿನಿಂದ ಸಾಗರ. ಎರಡನೆಯ ದಿನ ಸೇತುವೆ ದಾಟಿ ಸಿಗಂದೂರು, ಅಲ್ಲಿಂದ ಕೊಲ್ಲೂರಿನ ಮೂಲಕ ಉಡುಪಿ. ಮೂರನೆಯ ದಿನ ಸೇಂಟ್ ಮೇರೀಸ್. ನಾಲ್ಕನೆಯ ದಿನ ಶಿರಾಡಿ ಮಾರ್ಗವಾಗಿ ವಾಪಸು. ಹೀಗೆ ಹಿನ್ನೀರು, ಕಡಲು ಎರಡನ್ನೂ ಒಂದೇ ಸುತ್ತಿನಲ್ಲಿ ನೋಡಬಹುದು. ನಡುವೆ ಕಾಡಿನ ರಸ್ತೆ ಕಿರಿದಾಗಿರುವುದರಿಂದ ಹಗಲಿನಲ್ಲಿಯೇ ದಾಟಬೇಕು. ಸಾಗರದಲ್ಲಿಯೇ ಪೆಟ್ರೋಲ್ ತುಂಬಿಸಿ, ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳುವುದು ಲೇಸು. ಮೊಬೈಲ್ ಸಂಪರ್ಕವನ್ನು ಎಲ್ಲ ಕಡೆ ನಿರೀಕ್ಷಿಸುವಂತಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ಜನವರಿಯಲ್ಲಿ ಮಕರ ಸಂಕ್ರಾಂತಿಯ ಜಾತ್ರೆಯ ದಿನಗಳಲ್ಲಿ ಸಿಗಂದೂರಿನಲ್ಲಿ ಜನಜಂಗುಳಿ ವಿಪರೀತ.

ದೋಣಿಯ ಅನುಭವವೇ ಬೇಕೆನ್ನುವವರಿಗೆ ತಾಳಗುಪ್ಪ ಸಮೀಪದ ಹೊನ್ನೆಮರಡು ಇದೆ. ಹಿನ್ನೀರಿನಲ್ಲಿ ತೆಪ್ಪ, ಕಯಾಕ್ ನಡೆಸುವ ತರಬೇತಿ ಅಲ್ಲಿ ದೊರೆಯುತ್ತದೆ. ಮೊದಲೇ ತಿಳಿಸಿ ಹೋಗಬೇಕು. ಹಿನ್ನೀರಿನ ದಡದಲ್ಲಿ ಎಲ್ಲೆಂದರಲ್ಲಿ ಈಜಲು ಇಳಿಯುವುದು ಅಪಾಯಕರ. ಕೆಳಗೆ ಮುಳುಗಿದ ಮರಗಳ ಬೊಡ್ಡೆ, ಹಳೆಯ ತೋಟಗಳ ಅಗಳು, ಬಾವಿಗಳಿವೆ. ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ಆಳವಾಗಬಹುದು.

ಸ್ಕಾಟ್ಲೆಂಡಿನವರು ಹೇಗೆ ಮಾಡುತ್ತಾರೆ?

ದ್ವೀಪಕ್ಕೆ ಕಾರಿನಲ್ಲಿ ಹೋಗುವ ಪ್ರವಾಸವನ್ನು ಒಂದು ಶಿಸ್ತಾಗಿ ಬೆಳೆಸಿದ ನಾಡು ಸ್ಕಾಟ್ಲೆಂಡ್. ಅಲ್ಲಿ ಜನವಸತಿಯಿರುವ ದ್ವೀಪಗಳೇ ತೊಂಬತ್ತರ ಆಸುಪಾಸಿನಲ್ಲಿವೆ. ಪಶ್ಚಿಮದ ದ್ವೀಪಗಳಿಗೆ ಕ್ಯಾಲೆಡೋನಿಯನ್ ಮ್ಯಾಕ್‌ಬ್ರೇನ್ ಎಂಬ ಸರ್ಕಾರಿ ಒಡೆತನದ ಸಂಸ್ಥೆಯ ಹಡಗುಗಳು ಕಾರುಗಳನ್ನು ಹೊತ್ತು ಸಾಗುತ್ತವೆ. ಉಲ್ಲಾಪೂಲ್‌ನಿಂದ ಲೂಯಿಸ್ ದ್ವೀಪದ ಸ್ಟಾರ್ನೋವೇಗೆ ಎರಡೂಮುಕ್ಕಾಲು ಗಂಟೆ, ಓಬನ್‌ನಿಂದ ಬಾರಾ ದ್ವೀಪಕ್ಕೆ ಐದು ಗಂಟೆಯ ಸಮೀಪ. ಬೇಸಿಗೆಯಲ್ಲಿ ಕಾರಿನ ಜಾಗ ತಿಂಗಳುಗಳ ಮೊದಲೇ ತುಂಬಿಹೋಗುತ್ತದೆ. ಆದ್ದರಿಂದ ಅಲ್ಲಿನ ಅನುಭವಿ ಪ್ರವಾಸಿಗರು ಮೊದಲು ಹಡಗಿನ ಟಿಕೆಟ್, ನಂತರ ವಸತಿ, ಕೊನೆಗೆ ರಸ್ತೆಯ ಯೋಜನೆ ಎಂಬ ಕ್ರಮ ಪಾಲಿಸುತ್ತಾರೆ. ಗಾಳಿ ಬಿರುಸಾದರೆ ಹಡಗು ರದ್ದಾಗುವುದು ಅಲ್ಲಿ ಸಾಮಾನ್ಯ. ಆ ಕಾರಣಕ್ಕೆ ಮರಳುವ ವಿಮಾನದ ಹಿಂದಿನ ದಿನವನ್ನು ದ್ವೀಪದಲ್ಲಿ ಕಳೆಯುವುದಿಲ್ಲ.

ಬಾರಾ ದ್ವೀಪದ ವಿಮಾನ ನಿಲ್ದಾಣ ಸಮುದ್ರ ತೀರದ ಮರಳೇ ಆಗಿದ್ದು, ವಿಮಾನದ ಸಮಯವನ್ನು ಸಮುದ್ರದ ಇಳಿತ ನಿರ್ಧರಿಸುತ್ತದೆ. ಸ್ಟಾರ್ನೋವೇಗೆ 2009ರ ಜುಲೈವರೆಗೆ ಭಾನುವಾರ ಹಡಗೇ ಇರಲಿಲ್ಲ. ಭಾನುವಾರದ ವಿಶ್ರಾಂತಿಯನ್ನು ದೈವಾಜ್ಞೆಯೆಂದು ಭಾವಿಸುವ ಊರದು. ಸ್ಕೈ ದ್ವೀಪಕ್ಕೆ 1995ರಲ್ಲಿ ಸೇತುವೆ ಬಂತು. ದುಬಾರಿ ಸುಂಕದ ವಿರುದ್ಧ ಸ್ಥಳೀಯರು ವರ್ಷಗಟ್ಟಲೆ ಹೋರಾಡಿ 2004ರಲ್ಲಿ ಅದನ್ನು ತೆಗೆಸಿದರು. ಅಂದು ಬಿಡುಗಡೆಯೆನಿಸಿದ ಸೇತುವೆಯ ಮೇಲೆಯೇ ಇಂದು ಬೇಸಿಗೆಯಲ್ಲಿ ಪ್ರವಾಸಿ ವಾಹನಗಳ ದಟ್ಟಣೆ ಹೆಚ್ಚಿ, ಕಿರಿದಾದ ರಸ್ತೆಗಳಲ್ಲಿ ಊರಿನವರ ಓಡಾಟವೇ ಕಷ್ಟವಾಗಿದೆ. ಇನ್ನೂ ದೂರದ ಸೇಂಟ್ ಕಿಲ್ಡಾದಲ್ಲಿ ಸಂಪರ್ಕವಿಲ್ಲದೆ ಬದುಕಲಾಗದೆ ಉಳಿದ 36 ಮಂದಿ 1930ರ ಆಗಸ್ಟ್ 29ರಂದು ಊರನ್ನೇ ತೊರೆದರು. ಸಂಪರ್ಕ ಇಲ್ಲದಿದ್ದರೆ ಊರು ಬರಿದಾಗುತ್ತದೆ, ಲಗಾಮಿಲ್ಲದೆ ಬಂದರೆ ಊರು ನಲುಗುತ್ತದೆ. ತುಮರಿಯ ಮುಂದಿರುವ ಪ್ರಶ್ನೆಯೂ ಇದೇ.

ಬ್ರಿಟನ್ನಿನಲ್ಲಿರುವ ಮಕ್ಕಳನ್ನು ನೋಡಲು ಹೋಗುವ ಇಲ್ಲಿನ ತಂದೆತಾಯಂದಿರು ಈ ದ್ವೀಪಗಳಿಗೂ ಹೋಗಿಬರಬಹುದು. ಭಾರತದ ಚಾಲನಾ ಪರವಾನಗಿಯಿಂದ ಅಲ್ಲಿ ಹನ್ನೆರಡು ತಿಂಗಳವರೆಗೆ ಕಾರು ಓಡಿಸಲು ಅವಕಾಶವಿದೆ, ವಾಹನಗಳೂ ನಮ್ಮಂತೆ ಎಡಕ್ಕೇ ಸಾಗುತ್ತವೆ. ದ್ವೀಪಗಳ ರಸ್ತೆ ಒಂದೇ ವಾಹನದ ಅಗಲದ್ದು. ನಡುನಡುವೆ ಸರಿದು ನಿಲ್ಲಲು ಜಾಗ ಮಾಡಿರುತ್ತಾರೆ. ಎದುರಿನವರಿಗೂ ಹಿಂದಿನಿಂದ ಬರುವ ಸ್ಥಳೀಯರಿಗೂ ಅಲ್ಲಿ ದಾರಿ ಕೊಡುವುದು ಪದ್ಧತಿ. ಆ ಪದ್ಧತಿಯನ್ನು ಸಿಗಂದೂರಿನ ಕಾಡುರಸ್ತೆಯಲ್ಲಿ ಪಾಲಿಸಿದರೂ ತಪ್ಪಿಲ್ಲ.

ಮಳೆಗಾಲದಲ್ಲಿ ಏನು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರದ ದ್ವೀಪಗಳ ಮಾತೇ ಬೇಡ. ಸೇಂಟ್ ಮೇರೀಸ್ ದೋಣಿ, ನೇತ್ರಾಣಿ ಡೈವಿಂಗ್ ಎರಡೂ ನಿಂತಿರುತ್ತವೆ. ಯಾಂತ್ರಿಕ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧವಿರುವಾಗ ಪ್ರವಾಸಿ ದೋಣಿಯ ಪ್ರಶ್ನೆ ಏಳುವುದಿಲ್ಲ. ಮಳೆ ನಿಂತ ಮೇಲೆ ಸೇವೆ ಮರಳಿ ಆರಂಭವಾಗುವ ದಿನ ಪ್ರತಿ ವರ್ಷ ಬೇರೆಯಾಗುವುದರಿಂದ ವಿಚಾರಿಸಿಕೊಂಡೇ ಹೊರಡಬೇಕು.

ರಸ್ತೆಯೂ ಮಳೆಗಾಲದಲ್ಲಿ ಭರವಸೆಯದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಕರಾವಳಿ ಹೆದ್ದಾರಿ ದಿನಗಟ್ಟಲೆ ಮುಚ್ಚಿತು, ಹಲವರು ಪ್ರಾಣ ಕಳೆದುಕೊಂಡರು. ಅದೇ ಆಗಸ್ಟ್ 7ರ ನಡುರಾತ್ರಿಯ ಹೊತ್ತಿಗೆ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು. ಶಿರಾಡಿ ಘಾಟಿಯಲ್ಲಿಯೂ ಮಣ್ಣು ಕುಸಿತ ಹೊಸದೇನಲ್ಲ. ಹಿನ್ನೀರು ತುಂಬಿ ನಿಂತ ನೋಟಕ್ಕೆ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಪ್ರಶಸ್ತ. ಜಲಾಶಯದ ಗರಿಷ್ಠ ಮಟ್ಟ 1,819 ಅಡಿ. ಇಂದಿನ ಮಟ್ಟ ಎಷ್ಟೆಂಬುದು ಮಳೆಗಾಲದ ದಿನಗಳಲ್ಲಿ ಪತ್ರಿಕೆಗಳಲ್ಲಿಯೇ ಸಿಗುತ್ತದೆ.

ಹೊರಡುವ ಮುನ್ನ ಒಮ್ಮೆ ನೋಡಿ

* ಹವಾಮಾನ ಇಲಾಖೆಯ ಮಳೆ ಮುನ್ಸೂಚನೆಯ ಜೊತೆಗೆ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಪ್ರಕಟಿಸುವ ಅಲೆಗಳ ಎತ್ತರದ ಸೂಚನೆಯನ್ನೂ ಗಮನಿಸಿ. ದಡದಲ್ಲಿ ಬಿಸಿಲಿದ್ದ ಮಾತ್ರಕ್ಕೆ ಕಡಲು ಶಾಂತವೆಂದು ಅರ್ಥವಲ್ಲ.

* ದೋಣಿ ಇದೆಯೇ ಎಂದು ಹಿಂದಿನ ಸಂಜೆ ವಸತಿಗೃಹದವರಿಂದ ಅಥವಾ ಟಿಕೆಟ್ ಕೌಂಟರಿನಿಂದ ಖಚಿತಪಡಿಸಿಕೊಳ್ಳಿ. ಹಳೆಯ ವಿಡಿಯೋಗಳನ್ನು ನಂಬಿ ಹೊರಡಬೇಡಿ.

* ಹಿರಿಯರು ಜೊತೆಗಿದ್ದರೆ ದೋಣಿಯಿಂದ ಇಳಿಯುವ ಜಾಗದಲ್ಲಿ ಮೆಟ್ಟಿಲಿದೆಯೇ, ಮೊಣಕಾಲುದ್ದ ನೀರಿನಲ್ಲಿ ನಡೆಯಬೇಕೇ ಎಂದು ಕೇಳಿ. ನಿತ್ಯದ ಔಷಧಿಯನ್ನು ಕಾರಿನಲ್ಲಿ ಬಿಡದೆ ನೀರು ತಾಗದ ಚೀಲದಲ್ಲಿ ಒಯ್ಯಿರಿ.

* ತುರ್ತು ಸಂದರ್ಭಕ್ಕೆ 112, ಕರಾವಳಿ ಕಾವಲು ಪೊಲೀಸರಿಗೆ 1093, ತಟರಕ್ಷಣಾ ಪಡೆಗೆ 1554, ರಾಷ್ಟ್ರೀಯ ಹೆದ್ದಾರಿ ನೆರವಿಗೆ 1033 ಸಂಖ್ಯೆಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

* ವಸತಿಗೆ ಸಾಧ್ಯವಾದಷ್ಟು ಸ್ಥಳೀಯರ ಮನೆವಾಸ್ತವ್ಯವನ್ನು ಆರಿಸಿಕೊಳ್ಳಿ. ನೀರಿನ ಗುಣ ಬಲ್ಲವರು ಅವರೇ. ಇವತ್ತು ಬೇಡ ಎಂದು ಅವರು ಹೇಳಿದರೆ ಆ ಮಾತಿಗೆ ಎರಡನೆಯ ಅಭಿಪ್ರಾಯ ಕೇಳುವ ಅಗತ್ಯವಿಲ್ಲ.

ದೋಣಿ ನಿಂತ ದಿನ ಪ್ರವಾಸ ವ್ಯರ್ಥವಾಯಿತೆಂದು ಕೊರಗಬೇಕಿಲ್ಲ. ಮಲ್ಪೆಯ ಬಂದರು, ಉಡುಪಿಯ ರಥಬೀದಿ, ಸಾಗರದ ಹತ್ತಿರದ ಇಕ್ಕೇರಿ ಮತ್ತು ಕೆಳದಿ ದೇಗುಲಗಳು, ಜೋಗದ ಜಲಪಾತ ಎಲ್ಲವೂ ರಸ್ತೆಯಲ್ಲಿಯೇ ತಲುಪುವ ಸ್ಥಳಗಳು. ದ್ವೀಪ ಮುಂದಿನ ರಜೆಗೂ ಅಲ್ಲಿಯೇ ಇರುತ್ತದೆ. ಅದನ್ನು ನೋಡಲು ಹೊರಟ ಕುಟುಂಬದ ಎಲ್ಲರೂ ಕ್ಷೇಮವಾಗಿ ಮನೆಗೆ ಮರಳುವುದು ಪ್ರವಾಸದ ಮೊದಲ ಗುರಿಯಾಗಿರಲಿ.